ಗುರ್ಜಿ, ಹಗೇವು ಮತ್ತು ಗುಳೆ: ಮಟಮಾರಿ ಪರಿಸರದ ಬಡ ಕುಟುಂಬಗಳ ಆರ್ಥಿಕ ಬದುಕು

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ರಾಯಚೂರು ಸೀಮೆ, ಎರಡು ಹೊಳೆಗಳಿದ್ದೂ ಬರದ ನಾಡೆನಿಸಿದೆ. ಮಾನ್ವಿಯ ಕೆಲಭಾಗಕ್ಕೆ ತುಂಗಭದ್ರಾ ಎಡದಂಡೆ ಕಾಲುವೆಯೂ ದೇವದುರ್ಗದ ಕೆಲಭಾಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆಯೂ ನೀರುಣಿಸುತ್ತವೆ. ಆದರೆ ಮಟಮಾರಿ ಪರಿಸರದ ಮಳೆಯಾಶ್ರಿತ ಹೊಲಗಳಲ್ಲಿ ಜೋಳ, ತೊಗರಿ, ಹತ್ತಿಗಳಿಗೆ ಮುಗಿಲೇ ಆಧಾರ. ಅಲ್ಲಿ ಮಳೆಯ ಏರುಪೇರು ಬಡವರ ಮನೆಯ ಲೆಕ್ಕವನ್ನೇ ತಲೆಕೆಳಗು ಮಾಡುತ್ತದೆ.

ಬರಗಾಲದ ಪೆಟ್ಟು ಮೊದಲು ಬೀಳುವುದು ಕೂಲಿಯ ಮೇಲೆ. ಬಿತ್ತನೆಯಿಲ್ಲದಿದ್ದರೆ ಕಳೆ ತೆಗೆಯುವ ಕೆಲಸವಿಲ್ಲ. ಹತ್ತಿ ಕಾಯಿ ಕಟ್ಟದಿದ್ದರೆ ಬಿಡಿಸುವ ಕೆಲಸವಿಲ್ಲ. ಗಳಿಕೆ ನಿಂತ ಹೊತ್ತಿಗೇ ಕಾಳಿನ ಧಾರಣೆ ಏರುತ್ತದೆ. ಮೇವಿಲ್ಲದೆ ಎಲ್ಲರೂ ಒಮ್ಮೆಲೇ ದನಕರುಗಳನ್ನು ಸಂತೆಗೆ ಹೊಡೆಯುವುದರಿಂದ ಅವುಗಳ ಬೆಲೆ ಕುಸಿಯುತ್ತದೆ. ಅತಿವೃಷ್ಟಿಯ ಬಗೆ ಬೇರೆ. 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಮೊದಲ ವಾರದ ಮಹಾಮಳೆ ನಿಂತ ಪೈರನ್ನೂ ಮಣ್ಣಿನ ಗೋಡೆಯ ಮನೆಗಳನ್ನೂ ಕೆಡವಿತು. ಬರವು ಬರಬೇಕಾದ ಗಳಿಕೆಯನ್ನು ತಡೆದರೆ, ನೆರೆಯು ಕೂಡಿಟ್ಟದ್ದನ್ನೇ ಒಯ್ಯುತ್ತದೆ.

ಈ ಅನಿಶ್ಚಿತತೆಯನ್ನು ಎದುರಿಸಲು ಜನಪದರು ತಮ್ಮದೇ ವ್ಯವಸ್ಥೆಗಳನ್ನು ರೂಪಿಸಿಕೊಂಡಿದ್ದರು. ನೆಲದೊಳಗಿನ ಹಗೇವು ಒಳ್ಳೆಯ ವರ್ಷದ ಜೋಳವನ್ನು ಕೆಟ್ಟ ವರ್ಷಕ್ಕೆ ಕಾಯ್ದಿಡುತ್ತಿತ್ತು. ಕಣದಲ್ಲಿ ಆಯಗಾರರಿಗೆ ಕಾಳಿನ ರೂಪದ ಪಾಲು ಸಲ್ಲುತ್ತಿತ್ತು. ಮಳೆ ಹೋದಾಗ ಸೆಗಣಿಯ ಗುರ್ಜಿಯನ್ನು ಹಂಚಿನ ಮೇಲಿಟ್ಟು, ಹುಡುಗನ ತಲೆಗೆ ಹೊರಿಸಿ, ಮನೆಮನೆಗೆ ಹೋಗಿ ನೀರು ಎರೆಸಿಕೊಂಡು ಹಿಟ್ಟು, ಕಾಳು ಬೇಡುವ ಆಚರಣೆ ಉತ್ತರ ಕರ್ನಾಟಕದಲ್ಲಿ ವ್ಯಾಪಕವಾಗಿದೆ. ಸಂಗ್ರಹವಾದುದನ್ನು ಅಟ್ಟು ಎಲ್ಲರೂ ಕೂಡಿ ಉಣ್ಣುತ್ತಾರೆ. ಮಳೆಯ ಪ್ರಾರ್ಥನೆಯಾಗಿರುವಂತೆಯೇ ಇದು, ಇದ್ದವರ ಮನೆಯ ಕಾಳು ಇಲ್ಲದವರ ಎಲೆಗೆ ಬರುವ ದಾರಿಯೂ ಹೌದು. ಆದರೆ ಈ ವ್ಯವಸ್ಥೆಯನ್ನು ಆದರ್ಶೀಕರಿಸಲಾಗದು: ಹಗೇವು ಇದ್ದದ್ದು ಹೊಲವಿದ್ದವರಿಗೆ, ಆಯದ ಪಾಲು ಜಾತಿಯ ಶ್ರೇಣಿಗೆ ಕಟ್ಟುಬಿದ್ದಿತ್ತು.

ಬೀಜ, ಗೊಬ್ಬರ, ಔಷಧಿಗಳಿಗೆ ರೊಕ್ಕ ಹೂಡಬೇಕಾದ ಹತ್ತಿಯ ಬೇಸಾಯ ಹಬ್ಬಿದಂತೆ ನಷ್ಟವೂ ರೊಕ್ಕದ ರೂಪ ತಳೆಯಿತು. ಊರು ಹಂಚಿಕೊಳ್ಳುತ್ತಿದ್ದ ಕೊರತೆ ಒಂದೊಂದೇ ಮನೆಯ ಸಾಲವಾಯಿತು. ಸಾಲ ತೀರಿಸಲು ಉಳಿದ ಹಾದಿ ಗುಳೆ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಮುಂಗಡ ಪಡೆದು ಹೊರಟ ಕುಟುಂಬಕ್ಕೆ ದುಡಿಮೆಗಿಂತ ಮೊದಲೇ ಋಣ ಅಂಟಿರುತ್ತದೆ. ಮಕ್ಕಳ ಶಾಲೆ ತಪ್ಪುತ್ತದೆ, ಮುದುಕರು ಊರಲ್ಲಿ ಉಳಿಯುತ್ತಾರೆ. 2006ರ ಫೆಬ್ರವರಿಯಲ್ಲಿ ಉದ್ಯೋಗ ಖಾತರಿ ಯೋಜನೆ ಆರಂಭವಾದಾಗ ಮೊದಲ ಹಂತದ 200 ಜಿಲ್ಲೆಗಳಲ್ಲಿ ರಾಯಚೂರೂ ಸೇರಿತ್ತು. ವರ್ಷಕ್ಕೆ 100 ದಿನಗಳ ಆ ಭರವಸೆಯ ಬೆಲೆ ತಿಳಿಯುತ್ತಿದ್ದುದು ಕೂಲಿ ಕೈಸೇರುವ ಹೊತ್ತಿನಿಂದ. ಮುಂಗಡ ಪಡೆದ ಮೇಲೆ ಬಂದ ಕೂಲಿ ಗುಳೆಯನ್ನು ತಡೆಯಲಾರದು.

ಗುರ್ಜಿಯ ಹಿಟ್ಟು ಹಸಿದ ದಿನವೇ ಮನೆಗೆ ಬರುತ್ತಿತ್ತು. ಬರಪರಿಹಾರವನ್ನು ರೂಪಿಸುವವರು ಜನಪದರಿಂದ ಕಲಿಯಬೇಕಾದ ವಿವೇಕ ಇದೇ.