ಸೋಮನಾಥಪುರ: ಗುಡಿ ನೋಡಿದ್ರಿ, ಊರು ನೋಡಿದ್ರಾ?

ಸೋಮನಾಥಪುರಕ್ಕೆ ಹೋದವರೆಲ್ಲ ಕೇಶವ ದೇವಾಲಯ ನೋಡಿ ವಾಪಸ್ ಬರ್ತಾರೆ. ಆದ್ರೆ ತಿ. ನರಸೀಪುರ ತಾಲ್ಲೂಕಿನ ಈ ಊರನ್ನೂ ಒಬ್ಬರೇ ಕಟ್ಟಿಸಿದ್ದು, ಗೊತ್ತಾ?

ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕ ಸೋಮನಾಥ. ಕಾವೇರಿ ಸೀಮೆಯಲ್ಲಿ ತನ್ನ ಹೆಸರಲ್ಲೇ ಅಗ್ರಹಾರ ಮಾಡಿ, ಬ್ರಾಹ್ಮಣ ಕುಟುಂಬಗಳಿಗೆ ಜಮೀನು ಕೊಟ್ಟು ನೆಲೆ ನಿಲ್ಲಿಸಿದ. 1258ರಲ್ಲಿ ದೇವಾಲಯ ಎದ್ದಿತು.

ಬಾಗಿಲಲ್ಲೇ ನಿಂತಿರೋ ಎತ್ತರದ ಶಾಸನ ನೋಡಿ, ದಾನದ ಲೆಕ್ಕವೆಲ್ಲ ಅದರಲ್ಲಿದೆ. ಗೋಡೆಯ ವಿಗ್ರಹಗಳ ಕೆಳಗೆ ಕಣ್ಣಾಡಿಸಿ: ‘ಮಲ್ಲಿತಮ್ಮ’, ಶಿಲ್ಪಿಯ ರುಜು!

ಅಗ್ರಹಾರದ ಕಾಲ ಮುಗೀತು. ಹತ್ತಿರದ ಪಂಚಲಿಂಗ ದೇವಾಲಯ ಪಾಳುಬಿತ್ತು. ಮೂಲ ಕೇಶವ ವಿಗ್ರಹವೂ ಇಲ್ಲ. ಊರು ಮಾತ್ರ ಉಳೀತು. ಸುತ್ತ ಈಗ ಭತ್ತ, ಕಬ್ಬಿನ ಗದ್ದೆ.

2023ರಲ್ಲಿ ದೇವಾಲಯ ಯುನೆಸ್ಕೊ ಪಟ್ಟಿ ಸೇರಿದೆ. ಹೋದಾಗ ಊರೊಳಗೂ ಒಂದು ಸುತ್ತು ಹಾಕಿ ಬನ್ನಿ.