ತೂಕ ಇಳಿಸುವ ಶಸ್ತ್ರಚಿಕಿತ್ಸೆ: ಸ್ತ್ರೀಪುರುಷರಿಗೆ ಬೇರೆ ಬೇರೆ ಎಚ್ಚರ

ಸ್ಥೂಲಕಾಯವು ಸ್ತ್ರೀಪುರುಷರೆಂಬ ಭೇದವನ್ನು ಹೆಚ್ಚಾಗಿ ಎಣಿಸುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಅತಿತೂಕ ಅಥವಾ ಬೊಜ್ಜು ಉಳ್ಳವರು ಮಹಿಳೆಯರಲ್ಲಿ ಶೇ. 24, ಪುರುಷರಲ್ಲಿ ಸುಮಾರು ಶೇ. 23. ಆದರೆ ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಒಳಗಾಗುವವರಲ್ಲಿ ಈ ಸಮತೆ ಇಲ್ಲ. ಅಮೆರಿಕದಲ್ಲಿ ಅಂಥ ಐವರಲ್ಲಿ ಸುಮಾರು ನಾಲ್ವರು ಮಹಿಳೆಯರು. ಪುರುಷರು ಸಾಮಾನ್ಯವಾಗಿ ತಡವಾಗಿ ಬರುತ್ತಾರೆ. ಬರುವ ಹೊತ್ತಿಗೆ ವಯಸ್ಸೂ ತೂಕವೂ ಏರಿರುತ್ತವೆ, ಮಧುಮೇಹ, ರಕ್ತದೊತ್ತಡಗಳೂ ಜೊತೆಗೂಡಿರುತ್ತವೆ.

ಹೊಟ್ಟೆ ಬಂದರೆ ಅನುಕೂಲಸ್ಥನ ಲಕ್ಷಣವೆಂದು ಬಗೆಯುವ ರೂಢಿ ನಮ್ಮಲ್ಲಿದೆ. ಆದರೆ ಪುರುಷರ ಕೊಬ್ಬು ಹೆಚ್ಚಾಗಿ ಉದರದೊಳಗೆ, ಕರುಳುಗಳ ಸುತ್ತ ಶೇಖರವಾಗುತ್ತದೆ. ಸ್ತ್ರೀಯರಲ್ಲಿ ಮುಟ್ಟು ನಿಲ್ಲುವವರೆಗೆ ಬಹುಪಾಲು ಸೊಂಟ, ತೊಡೆಗಳ ಚರ್ಮದಡಿ ಇರುತ್ತದೆ. ಮಧುಮೇಹ, ಹೃದ್ರೋಗಗಳಿಗೆ ದಾರಿಯಾಗುವುದು ಮುಖ್ಯವಾಗಿ ಒಳಗಿನ ಕೊಬ್ಬು. ಜೋರು ಗೊರಕೆ, ಹಗಲಿನ ತೂಕಡಿಕೆ ಉಳ್ಳ ಗಂಡಸನ್ನು ಮನೆಯವರು ಹಾಸ್ಯ ಮಾಡಿ ಸುಮ್ಮನಾಗುತ್ತಾರೆ. ಅದು ನಿದ್ರೆಯಲ್ಲಿ ಉಸಿರು ನಿಂತು ನಿಂತು ಬರುವ ವ್ಯಾಧಿಯಾಗಿರಬಹುದು. ಅರಿವಳಿಕೆ ಕೊಡುವ ಮೊದಲೇ ವೈದ್ಯರಿಗೆ ತಿಳಿದಿರಬೇಕು.

ಸ್ತ್ರೀಯರ ಎಚ್ಚರ ಶಸ್ತ್ರಚಿಕಿತ್ಸೆಯ ನಂತರ ಹೆಚ್ಚಾಗುತ್ತದೆ. ‘ಸ್ಲೀವ್’ ವಿಧಾನದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆಯುತ್ತಾರೆ. ‘ಬೈಪಾಸ್’ನಲ್ಲಿ ಆಹಾರವು ಸಣ್ಣ ಕರುಳಿನ ಮೊದಲ ಭಾಗವನ್ನು ಬಿಟ್ಟು ಮುಂದೆ ಸಾಗುತ್ತದೆ, ಕಬ್ಬಿಣಾಂಶ ಹೆಚ್ಚಾಗಿ ಹೀರಲ್ಪಡುವುದು ಆ ಭಾಗದಲ್ಲಿಯೇ. ತಿಂಗಳ ಸ್ರಾವದಿಂದ ಮೊದಲೇ ರಕ್ತಹೀನರಾದವರಿಗೆ ಇದು ಮತ್ತೊಂದು ಪೆಟ್ಟು.

ತೂಕ ಇಳಿದಂತೆ ಮುಟ್ಟು ಕ್ರಮಕ್ಕೆ ಬಂದು ಗರ್ಭಧಾರಣೆಯ ಸಾಧ್ಯತೆ ಹೆಚ್ಚುತ್ತದೆ. ಸಂತಾನಕ್ಕಾಗಿ ಹಂಬಲಿಸಿದ ದಂಪತಿಗಳಿಗೆ ಇದು ಸಂತೋಷದ ಸಂಗತಿಯೇ. ಆದರೂ 12ರಿಂದ 18 ತಿಂಗಳು ಕಾಯಬೇಕೆಂಬುದು ವೈದ್ಯರ ಸಲಹೆ, ಏಕೆಂದರೆ ವೇಗವಾಗಿ ಕರಗುತ್ತಿರುವ ದೇಹದಲ್ಲಿ ಶಿಶುವಿಗೆ ಪೋಷಣೆ ಸಾಲದಾಗಬಹುದು. ಬೈಪಾಸ್ ಆದವರಿಗೆ ಗರ್ಭನಿರೋಧಕ ಮಾತ್ರೆಯೊಂದನ್ನೇ ನಂಬುವುದು ಕ್ಷೇಮವಲ್ಲ. ಬೇರೆ ವಿಧಾನವನ್ನು ವೈದ್ಯರಲ್ಲಿ ಕೇಳಿಕೊಳ್ಳಬೇಕು. ಸೊಸೆಯನ್ನು ‘ಇನ್ನೂ ವಿಶೇಷವಿಲ್ಲವೇ’ ಎಂದು ಪೀಡಿಸುವ ಹಿರಿಯರೂ ಈ ಅವಧಿಯನ್ನು ಅರಿತಿರಲಿ ಎಂದು ನಾವು ಬಯಸುತ್ತೇವೆ.

ಪುರುಷರಿಗೆ ಇನ್ನೊಂದು ಮಾತು. ಬೈಪಾಸ್ ನಂತರ ಮದ್ಯವು ರಕ್ತಕ್ಕೆ ಬಲು ಬೇಗ ಸೇರುತ್ತದೆ. ಅದು ಚಟವಾಗುವ ಅಪಾಯವೂ ಅವರಲ್ಲಿಯೇ ಅಧಿಕ.

ಶಾಕಾಹಾರಿಗಳಾದ ನಮಗೆ ಬಿ12 ಜೀವಸತ್ವದ ಕೊರತೆ ಮೊದಲೇ ಇರಬಹುದು. ಶಸ್ತ್ರಚಿಕಿತ್ಸೆಯಾದ ಮೇಲೆ ಅದನ್ನು ಸ್ತ್ರೀಪುರುಷರಿಬ್ಬರೂ ಜೀವನಪರ್ಯಂತ ಔಷಧರೂಪದಲ್ಲಿ ಪಡೆಯಬೇಕು. ಕಬ್ಬಿಣಾಂಶದ ಮಾತ್ರೆಯನ್ನು ಚಹಾ, ಕಾಫಿಯೊಂದಿಗೆ ಸೇವಿಸಬಾರದು. ಅದಕ್ಕೂ ಸುಣ್ಣಾಂಶದ ಮಾತ್ರೆಗೂ ನಡುವೆ ಎರಡು ಗಂಟೆಯ ಅಂತರವಿರಲಿ.