ಕ್ಷಣದ ದುಃಖ, ದಿನದಿನದ ದುಃಖ

ಬಾದಾಮಿಗೆ ಹೋದವರು ಮೇಣಬಸದಿಗಳನ್ನು ನೋಡಿ, ಅಗಸ್ತ್ಯತೀರ್ಥದ ದಂಡೆಯಲ್ಲಿ ಕೊಂಚ ಹೊತ್ತು ಕುಳಿತು ಹಿಂದಿರುಗುವುದು ವಾಡಿಕೆ. ಕೆರೆಯ ಈಶಾನ್ಯಕ್ಕಿರುವ ತಟ್ಟುಕೋಟೆಯ ಬಂಡೆಯವರೆಗೆ ನಡೆಯುವವರು ವಿರಳ. ಆ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನವಿದೆ. ಸಾಹಿತ್ಯ ಚರಿತ್ರೆಕಾರರು ಇದನ್ನು ತ್ರಿಪದಿಯ ಹಳೆಯ ಮಾದರಿಯೆಂದು ಕೊಂಡಾಡಿದ್ದಾರೆ. ತ್ರಿಪದಿಗಳಿಗೆ ಮುನ್ನ ಅಲ್ಲೊಂದು ಸಂಸ್ಕೃತ ಶ್ಲೋಕವಿದೆ. ಅದರ ಅಭಿಪ್ರಾಯವಿಷ್ಟು: ತೇಜಸ್ವಿಗೆ ಮಾನಭಂಗಕ್ಕಿಂತ ಮರಣವೇ ಮೇಲು, ಏಕೆಂದರೆ ಮರಣದ ದುಃಖ ಒಂದು ಕ್ಷಣದ್ದು, ಮಾನಭಂಗದ ದುಃಖ ದಿನದಿನದ್ದು.

ಇದನ್ನು ವೀರರ ಮಾತೆಂದು ಮೆಚ್ಚಿ ಸುಮ್ಮನಾಗುವಂತಿಲ್ಲ. ಇಲ್ಲೊಂದು ವಾದವಿದೆ. ಶ್ಲೋಕವು ಎರಡು ದುಃಖಗಳನ್ನು ತಕ್ಕಡಿಯಲ್ಲಿಟ್ಟು, ಕಾಲದಿಂದ ತೂಗಿ, ತೀರ್ಪು ಕೊಡುತ್ತದೆ. ಆದರೆ ಮರಣದ ಕೇಡೆಲ್ಲ ಆ ಒಂದು ಕ್ಷಣದಲ್ಲಿಯೇ ಮುಗಿದುಹೋಗುತ್ತದೆಯೆ?

ಗ್ರೀಸಿನ ಎಪಿಕ್ಯೂರಸ್ ಸಾವು ಕೇಡೇ ಅಲ್ಲವೆಂದು ವಾದಿಸಿದ. ಸತ್ತವನು ಇಲ್ಲವಾದ ಮೇಲೆ ನೋಯುವವರಾದರೂ ಯಾರು ಎಂಬುದು ಅವನ ತರ್ಕ. ಇದಕ್ಕೆ ಅಮೆರಿಕದ ತಾತ್ತ್ವಿಕ ಥಾಮಸ್ ನೇಗೆಲ್ 1970ರ ಒಂದು ಪ್ರಬಂಧದಲ್ಲಿ ಉತ್ತರ ಕೊಟ್ಟರು. ಸಾವಿನ ಕೇಡು ನೋವಿನಲ್ಲಿಲ್ಲ, ಅದು ಕಸಿದುಕೊಳ್ಳುವ ಬಾಳಿನಲ್ಲಿದೆ ಎಂದರು. ಇಳಕಲ್ಲಿನ ಒಬ್ಬ ನೇಕಾರನನ್ನು ಭಾವಿಸಿಕೊಳ್ಳಿ. ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಕೊಂಡಿ ಹಾಕಿ ಜೋಡಿಸಿ, ಸೀರೆ ಅರ್ಧವಾಗಿರುವಾಗ, ರಾತ್ರಿ ನಿದ್ದೆಯಲ್ಲಿ ಅವನು ತೀರಿಕೊಂಡನೆನ್ನೋಣ. ನೋವು ಲವಲೇಶವೂ ಇಲ್ಲ. ಆದರೂ ನಷ್ಟವಾಗಿದೆ: ಮುಗಿಯಬೇಕಿದ್ದ ಸೀರೆ, ನೋಡಬೇಕಿದ್ದ ಮಗಳ ಮದುವೆ, ಆಡಬೇಕಿದ್ದ ಮಾತು.

ಆ ನಷ್ಟ ಯಾವಾಗ ಸಂಭವಿಸುತ್ತದೆ? ಈ ತೊಡಕಿನ ಪ್ರಶ್ನೆಯನ್ನು ಬೆನ್ ಬ್ರಾಡ್ಲಿ ಎಂಬ ವಿದ್ವಾಂಸರು ಕ್ಷೇಮ ಮತ್ತು ಮರಣಗಳನ್ನು ಕುರಿತ 2009ರ ತಮ್ಮ ಗ್ರಂಥದಲ್ಲಿ ಕೈಗೆತ್ತಿಕೊಂಡರು. ಸತ್ತವನು ಬದುಕಿದ್ದರೆ ಯಾವ ಯಾವ ದಿನಗಳಲ್ಲಿ ಸುಖವಾಗಿರುತ್ತಿದ್ದನೋ ಆ ಆ ದಿನಗಳಲ್ಲಿ ಸಾವು ಅವನಿಗೆ ಕೇಡು ಎಂಬುದು ಅವರ ಸಿದ್ಧಾಂತ. ಅವರ ಎಣಿಕೆಯೂ ಸುಖದುಃಖಗಳದ್ದೇ. ಬಾದಾಮಿಯ ಶ್ಲೋಕದ ಎಣಿಕೆಯೂ ದುಃಖದ್ದೇ. ತಕ್ಕಡಿ ಒಂದೇ, ಆದರೆ ತೂಕ ಬದಲಾಗುತ್ತದೆ. ಮರಣವೂ ಕ್ಷಣದ್ದಲ್ಲ, ಅದರ ನಷ್ಟವೂ ದಿನದಿನದ್ದೇ.

ಹಾಗಾದರೆ ಶಾಸನದ ಮಾತು ಹುಸಿಯೆ? ಹಾಗೆನ್ನಲಾಗದು. ಉಸಿರಾಟವೊಂದೇ ಬಾಳಲ್ಲ, ಬಾಳಿನ ಬೆಲೆ ದಿನಗಳ ಗುಣದಲ್ಲಿದೆ ಎಂಬುದನ್ನು ಅದು ಬಲ್ಲದು. ಮುಂದಿನ ದಿನಗಳೆಲ್ಲ ಬರಿಯ ಯಾತನೆಯೇ ಆಗಿರುವ ವೃದ್ಧ ರೋಗಿಯಿಂದ ಸಾವು ಕಸಿದುಕೊಳ್ಳುವುದು ಅಲ್ಪವೇ ಸರಿ. ಆದರೆ ಮಾನ ಹೋದವನ ಮುಂದಿನ ದಿನಗಳೂ ಹಾಗೆಯೇ ಎಂದು ಮೊದಲೇ ನಿರ್ಧರಿಸಿದವರಾರು? ರೋಗವು ದೇಹದ್ದು, ಮಾನವಾದರೋ ನಾಲ್ಕು ಜನರ ನಡುವೆ ಇರುವಂಥದು. ಜನ ಕಿತ್ತುಕೊಂಡದ್ದನ್ನು ಜನವೇ ಮರಳಿ ಕೊಡಬಹುದು.

ಇದು ಪಂಡಿತರ ಚರ್ಚೆಗಷ್ಟೇ ಸೀಮಿತವಾದ ವಿಷಯವಲ್ಲ. ಸಾಲಗಾರ ಬಾಗಿಲಿಗೆ ಬಂದನೆಂದು, ಪರೀಕ್ಷೆಯಲ್ಲಿ ನಪಾಸಾದೆನೆಂದು ಜೀವ ಕಳೆದುಕೊಳ್ಳುವವರ ಸುದ್ದಿಯನ್ನು ನಾವು ಓದುತ್ತಲೇ ಇದ್ದೇವೆ. ಶ್ಲೋಕವನ್ನು ಅವರು ಓದಿರಲಾರರು; ಆದರೆ ಅದರ ಲೆಕ್ಕವನ್ನೇ ಮನದಲ್ಲಿ ಹಾಕಿರುತ್ತಾರೆ. ಆ ಲೆಕ್ಕದಲ್ಲಿ ಬಿಟ್ಟುಹೋಗುವುದು, ಮಾನ ಮರಳಿ ಬರಬಹುದಾಗಿದ್ದ ದಿನಗಳು.

ಇಳಕಲ್ಲಿನ ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟಾಗ ಕಾಳುಕಡಿ ಬೇಡಲಿಲ್ಲ. ಜನರ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದರು. ಊರು ಕೀಳಾಗಿ ಕಾಣುತ್ತಿದ್ದ ಕುಡುಕನೂ ಅಂದು ದಾನಿಯಾದ. ಮಾನಭಂಗದ ದುಃಖ ದಿನದಿನದ್ದಾದರೆ ಅದನ್ನು ಅಳಿಸುವ ಕೆಲಸವೂ ದಿನದಿನದ್ದೇ. ತಟ್ಟುಕೋಟೆಯ ಬಂಡೆ ಮಾನವಂತನ ಧೈರ್ಯವನ್ನು ಕೊಂಡಾಡಿದೆ. ಅವನ ನೆರೆಯವರ ಹೊಣೆಯನ್ನು ನಾವು ಸೇರಿಸಿ ಓದಿಕೊಳ್ಳಬೇಕು.